ಜೋಳವಾಳಿ

ಹಳಗನ್ನಡದ ‘ಜೋಳವಾಳಿ’ಯಲ್ಲಿರುವ ಜೋಳ ನಮ್ಮ ರೊಟ್ಟಿಯ ಜೋಳವೇ. ‘ವಾಳಿ’ ಎಂಬುದು ‘ಪಾಳಿ’; ಎಂದರೆ ಕಟ್ಟಳೆ, ಧರ್ಮ. ಒಡೆಯನ ಜೋಳ ಉಂಡವನು ಅವನಿಗಾಗಿ ಕಾದಬೇಕು, ಬೇಕಾದರೆ ಸಾಯಬೇಕು ಎಂಬುದು ಆ ಕಟ್ಟಳೆ.

ಈ ಪದಕ್ಕೊಂದು ಬಳಗವೂ ಇತ್ತು: ಲೆಂಕ, ವೇಳೆವಾಳಿ, ಗರುಡ. ಒಡೆಯನ ಹಿಂದೆ ತಾನು ಉಳಿಯುವುದಿಲ್ಲ ಎಂದು ಭಾಷೆ ಕೊಟ್ಟವರು ಇವರು. ಹಳೇಬೀಡಿನ ಹೊಯ್ಸಳೇಶ್ವರ ಗುಡಿಯ ಬಳಿ ಒಂದು ಕಂಬವಿದೆ. 1220ರಲ್ಲಿ ಹೊಯ್ಸಳ ದೊರೆ ಇಮ್ಮಡಿ ಬಲ್ಲಾಳ ತೀರಿಕೊಂಡಾಗ ಅವನ ದಂಡನಾಯಕ ಕುವರ ಲಕ್ಷ್ಮ ಹೆಂಡತಿಯೊಡನೆ, ತನ್ನ ಗರುಡರೊಡನೆ ಪ್ರಾಣ ಕೊಟ್ಟದ್ದನ್ನು ಅದು ಹೇಳುತ್ತದೆ. ಕಂಬದ ಮೇಲಿನ ವೀರರು ಕತ್ತಿ ಹಿಡಿದು ತಮ್ಮ ತಲೆಯನ್ನು ತಾವೇ ಕಡಿದುಕೊಳ್ಳುತ್ತಿದ್ದಾರೆ.

ರಕ್ತಸಂಬಂಧವೇ ದೊಡ್ಡದೆನ್ನುವ ಕುಲದ ಕಥೆಯಾದ ಮಹಾಭಾರತದಲ್ಲಿ ಜೋಳವಾಳಿ ರಕ್ತಕ್ಕೇ ಎದುರು ನಿಲ್ಲುತ್ತದೆ. ಕರ್ಣನನ್ನೇ ನೋಡಿ. ಹೆತ್ತವಳು ಬಂದು ಕರೆಯುತ್ತಾಳೆ, ಒಡಹುಟ್ಟಿದವರು ಯಾರೆಂದು ತಿಳಿಯುತ್ತದೆ. ಆದರೂ ಹೊಳೆಗೆ ಬಿಟ್ಟ ಕುಲಕ್ಕಿಂತ ಉಣಬಡಿಸಿದ ಮನೆಯೇ ಅವನಿಗೆ ಹತ್ತಿರ. 941ರಲ್ಲಿ ಈ ಕಥೆಯನ್ನು ಕನ್ನಡದಲ್ಲಿ ಬರೆದ ಕವಿ ಪಂಪನೂ ತನ್ನ ದೊರೆ ಅರಿಕೇಸರಿಯ ಜೋಳ ಉಂಡವನೇ. ಒಡೆಯನನ್ನು ಅರ್ಜುನನಾಗಿಸಿ ಋಣ ತೀರಿಸಿದ. ಮನಸ್ಸನ್ನು ಮಾತ್ರ ಕರ್ಣನಿಗೆ ಕೊಟ್ಟ.

ಜೋಳವಾಳಿ ತಪ್ಪಿದವನ ಗತಿ? ಹೊಯ್ಸಳ ದೊರೆ ವಿಷ್ಣುವರ್ಧನನ ದಂಡನಾಯಕ ಗಂಗರಾಜನಿಗೆ ‘ದ್ರೋಹಘರಟ್ಟ’ ಎಂಬ ಬಿರುದಿತ್ತು. ಘರಟ್ಟ ಎಂದರೆ ಬೀಸುಕಲ್ಲು. ಉಂಡು ಎರಡು ಬಗೆದವನನ್ನು ಅವನು ಉಂಡ ಕಾಳಿನಂತೆಯೇ ಬೀಸಿಬಿಡುವವನು! ಆ ಬಿರುದಿಗೆ ಗುಡಿಯ ಗೌರವವೂ ಸಿಕ್ಕಿತು: 1133ರಲ್ಲಿ ಮಗ ಬೊಪ್ಪ ತಂದೆಯ ನೆನಪಿಗೆ ಹಳೇಬೀಡಿನಲ್ಲಿ ಕಟ್ಟಿಸಿದ ಬಸದಿಗೆ ದ್ರೋಹಘರಟ್ಟ ಜಿನಾಲಯ ಎಂದೇ ಹೆಸರು.

ಇಂದು ವೇಳೆವಾಳಿಯ ‘ವೇಳೆ’ ಬಸ್ ನಿಲ್ದಾಣದ ವೇಳಾಪಟ್ಟಿಗೆ ಇಳಿದಿದೆ, ಲೆಂಕ ನಿಘಂಟು ಸೇರಿದ್ದಾನೆ. ಜೋಳವಾಳಿ ಮಾತ್ರ ವೇಷ ಮರೆಸಿಕೊಂಡು ಓಡಾಡುತ್ತಿದೆ. ಉಂಡ ಮನೆಯ ಜಂತೆ ಎಣಿಸಬಾರದು ಎನ್ನುತ್ತೇವೆ. ಪಕ್ಷ ಬಿಟ್ಟವನಿಗೆ ಅನ್ನದ ಋಣ ನೆನಪಿಸುತ್ತೇವೆ. ಸಂಬಳ ಹೆಚ್ಚಿಸಿ ಎಂದ ಗುಮಾಸ್ತನಿಗೆ ಸಾಹುಕಾರ ಹೇಳುವುದೂ ಇದನ್ನೇ: “ಇಷ್ಟು ವರ್ಷ ಯಾರ ಅನ್ನ ತಿಂದೆಯಪ್ಪಾ?”

ಈ ಮಾತುಗಳೆಲ್ಲ ಉಂಡವನನ್ನಷ್ಟೇ ಕಟ್ಟಿಹಾಕುತ್ತವೆ. ಇಕ್ಕಿದವನು ಏನು ಮಾಡಬೇಕು, ಎಷ್ಟಕ್ಕೆ ಋಣ ತೀರಿತು ಎಂಬುದು ಅವುಗಳಲ್ಲಿಲ್ಲ. ಅದಿರಲಿ, ಒಡೆಯನ ಕಣಜಕ್ಕೆ ಆ ಜೋಳ ಬಂದದ್ದಾದರೂ ಎಲ್ಲಿಂದ? ಅವನೇನೂ ಕೂರಿಗೆ ಹಿಡಿದವನಲ್ಲ. ಉತ್ತು, ಬಿತ್ತಿ, ಕಂದಾಯವಾಗಿ ಅಳೆದುಕೊಟ್ಟವರು ಒಕ್ಕಲಿನವರು. ಉಂಡದ್ದಕ್ಕೆ ಋಣವಿದೆ ಎಂಬುದನ್ನು ಒಪ್ಪೋಣ. ಆದರೆ ಕುವರ ಲಕ್ಷ್ಮ ತಲೆ ಕೊಟ್ಟು ತೀರಿಸಿದ ಸಾಲ ಬಲ್ಲಾಳನದಾಗಿರಲಿಲ್ಲ.