ಮಂಗಳೂರು–ದುಬೈ ವಿಮಾನ: ದೂರ ಎಷ್ಟು, ತಲುಪಲು ಎಷ್ಟು ಹೊತ್ತು? ಟಿಕೆಟ್‌ನಲ್ಲಿನ ಸಮಯ ಓದುವುದು ಹೇಗೆ?

ಕರಾವಳಿಯ ಹಲವು ಮನೆಗಳಲ್ಲಿ ಒಬ್ಬರಾದರೂ ಗಲ್ಫ್‌ನಲ್ಲಿದ್ದಾರೆ. ಆದರೂ ಟಿಕೆಟ್ ಕೈಗೆ ಬಂದಾಗ ಸಮಯದ ಲೆಕ್ಕದಲ್ಲಿ ಗೊಂದಲ ಆಗುವುದುಂಟು. ಅದಕ್ಕಾಗಿ ಈ ಮಾಹಿತಿ.

ದೂರ: ಬಜ್ಪೆಯ ಮಂಗಳೂರು ವಿಮಾನ ನಿಲ್ದಾಣದಿಂದ ದುಬೈ ನಿಲ್ದಾಣಕ್ಕೆ ನೇರ ವಾಯುದೂರ ಸುಮಾರು 2,460 ಕಿ.ಮೀ. ಹೆಚ್ಚಿನ ದಾರಿ ಅರಬ್ಬೀ ಸಮುದ್ರದ ಮೇಲೆಯೇ. 2006ರಲ್ಲಿ ಇಲ್ಲಿಂದ ದುಬೈಗೆ ನೇರ ವಿಮಾನ ಶುರುವಾಯಿತು. ಅದಕ್ಕೂ ಮೊದಲು ಹೆಚ್ಚಿನವರು ಮುಂಬೈಗೆ ಹೋಗಿ ಅಲ್ಲಿಂದ ಹತ್ತಬೇಕಿತ್ತು.

ಪ್ರಯಾಣದ ಸಮಯ: ಹೋಗುವಾಗ ಮೂರೂವರೆಯಿಂದ ನಾಲ್ಕು ಗಂಟೆ. ಬರುವಾಗ ಸಾಮಾನ್ಯವಾಗಿ ಸ್ವಲ್ಪ ಕಡಿಮೆ. ಚಳಿಗಾಲದಲ್ಲಿ ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಜೋರು ಗಾಳಿ ಇರುತ್ತದೆ. ಬರುವ ವಿಮಾನಕ್ಕೆ ಅದು ಹಿಂದಿನಿಂದ ತಳ್ಳಿದ ಹಾಗೆ, ಹೋಗುವ ವಿಮಾನಕ್ಕೆ ಎದುರು ಗಾಳಿ.

ಗಡಿಯಾರದ ಲೆಕ್ಕ: ದುಬೈ ಸಮಯ ನಮಗಿಂತ ಒಂದೂವರೆ ಗಂಟೆ ಹಿಂದೆ. ಟಿಕೆಟ್‌ನಲ್ಲಿ ಹೊರಡುವ ಸಮಯ ಹೊರಡುವ ಊರಿನದ್ದು, ತಲುಪುವ ಸಮಯ ತಲುಪುವ ಊರಿನದ್ದು. ಉದಾಹರಣೆಗೆ, ಇಲ್ಲಿಂದ ರಾತ್ರಿ 10ಕ್ಕೆ ಹೊರಟು 3 ಗಂಟೆ 45 ನಿಮಿಷ ಹಾರಿದರೆ ನಮ್ಮಲ್ಲಿ 1.45, ಅಲ್ಲಿ 12.15. ಅಲ್ಲಿಂದ ರಾತ್ರಿ 11ಕ್ಕೆ ಹೊರಟು ಮೂರೂವರೆ ಗಂಟೆ ಹಾರಿದರೆ ಇಲ್ಲಿ ಇಳಿಯುವಾಗ ಬೆಳಗ್ಗಿನ ಜಾವ 4. ಕರೆದುಕೊಂಡು ಬರಲು ಹೋಗುವವರು ಇದನ್ನು ನೋಡಿಯೇ ಕಾರು ಹೇಳಿ.

ತಾರೀಕಿನ ಬಗ್ಗೆ ಎಚ್ಚರ: ಟಿಕೆಟ್‌ನಲ್ಲಿ "15, 00.40" ಎಂದಿದ್ದರೆ ಅದು 14ರ ರಾತ್ರಿಯ ವಿಮಾನ. 15ರ ರಾತ್ರಿ ಹೋದರೆ ವಿಮಾನ ಹಿಂದಿನ ರಾತ್ರಿಯೇ ಹೋಗಿರುತ್ತದೆ, ದುಡ್ಡೂ ಹೋಯಿತು, ರಜೆಯೂ ಹೋಯಿತು. ಅಂತಾರಾಷ್ಟ್ರೀಯ ವಿಮಾನಕ್ಕೆ ಮೂರು ಗಂಟೆ ಮುಂಚೆ ತಲುಪುವುದು ಒಳ್ಳೆಯದು. ಚೆಕ್-ಇನ್ ಕೌಂಟರ್ ಸಾಮಾನ್ಯವಾಗಿ ಒಂದು ಗಂಟೆ ಮುಂಚೆ ಮುಚ್ಚುತ್ತದೆ. ಅಂದರೆ ಈ ವಿಮಾನಕ್ಕೆ 14ರ ರಾತ್ರಿ 9.40ಕ್ಕೆ ಬಜ್ಪೆಯಲ್ಲಿರಬೇಕು. ಕುಂದಾಪುರದಿಂದ ಸುಮಾರು 95 ಕಿ.ಮೀ. ಇರುವುದರಿಂದ ಸಂಜೆ 7ಕ್ಕಾದರೂ ಮನೆ ಬಿಡಿ. ಮಳೆಗಾಲದಲ್ಲಿ ಇನ್ನೂ ಬೇಗ.

ಯಾವ ನಿಲ್ದಾಣ? ದುಬೈ, ಶಾರ್ಜಾ, ಅಬುಧಾಬಿ ಬೇರೆ ಬೇರೆ ನಿಲ್ದಾಣಗಳು. ಅಬುಧಾಬಿಯಿಂದ ದುಬೈಗೆ ರಸ್ತೆಯಲ್ಲಿ ನೂರು ಕಿ.ಮೀ.ಗೂ ಹೆಚ್ಚು. ದುಬೈ ನಿಲ್ದಾಣದಲ್ಲೇ ಮೂರು ಟರ್ಮಿನಲ್‌ಗಳಿವೆ. 2ನೇ ಟರ್ಮಿನಲ್ ರನ್‌ವೇಯ ಆಚೆ ಬದಿಯಲ್ಲಿದೆ, ನಡೆದು ಹೋಗಲು ಆಗುವುದಿಲ್ಲ. ಅಲ್ಲಿ ಕಾಯುವವರಿಗೆ ಟರ್ಮಿನಲ್ ಸಂಖ್ಯೆಯನ್ನೂ ಹೇಳಿಬಿಡಿ.

ಹೊರಡುವ ದಿನ ವಿಮಾನದ ಸಮಯ ಬದಲಾಗಿದೆಯೇ ಎಂದು ಒಮ್ಮೆ ನೋಡಿಕೊಂಡೇ ಮನೆ ಬಿಡಿ.