ಬಾವುಟದ ತೂಕ

1930ರ ಏಪ್ರಿಲ್ 13ರಂದು ಎಂ.ಪಿ. ನಾಡಕರ್ಣಿಯವರ ಮುಂದಾಳತ್ವದಲ್ಲಿ ಅಂಕೋಲೆಯಲ್ಲಿ ಉಪ್ಪಿನ ಕಾಯ್ದೆ ಮುರಿಯಲಾಯಿತು. ಮುಂದೆ ‘ಕರ್ನಾಟಕದ ಬಾರ್ಡೋಲಿ’ ಎನಿಸಿಕೊಂಡ ಊರದು. ಆದರೆ ಅಂದಿನ ಕಾಂಗ್ರೆಸ್ ಬಾವುಟ ನಾವಿಂದು ಕಾಣುವ ಬಾವುಟವಲ್ಲ. ಮೇಲೆ ಬಿಳಿ, ನಡುವೆ ಹಸಿರು, ಕೆಳಗೆ ಕೆಂಪು. ಮೂರರ ಮೇಲೂ ಹರಡಿದ ಚರಕ.

ಇದರ ಲೆಕ್ಕವನ್ನು ಗಾಂಧೀಜಿ 1921ರಲ್ಲೇ ಹೇಳಿದ್ದರು. ಕೆಂಪು ಹಿಂದೂಗಳದ್ದು, ಹಸಿರು ಮುಸ್ಲಿಮರದ್ದು, ಬಿಳಿ ಉಳಿದವರದ್ದು. ಸಂಖ್ಯೆಯಲ್ಲಿ ಕಡಿಮೆ ಇರುವವರಿಗೆ ಮೇಲಿನ ಜಾಗ. ಪಟ್ಟಿಗಳ ಅಗಲ ಮಾತ್ರ ಸಮಸಮ. ತಲೆಯೆಣಿಸಿ ಬಟ್ಟೆ ಕತ್ತರಿಸಿದ್ದರೆ ಅದು ಬಾವುಟವಾಗದೆ ಜನಗಣತಿಯ ಪಟ್ಟಿಯಾಗುತ್ತಿತ್ತು.

ಆದರೂ ತಕರಾರು ತಪ್ಪಲಿಲ್ಲ. ಸಿಖ್ಖರು ತಮ್ಮ ಬಣ್ಣ ಎಲ್ಲಿ ಎಂದು ಕೇಳಿದರು. 1931ರಲ್ಲಿ ಕಾಂಗ್ರೆಸ್ ಏಳು ಜನರ ಸಮಿತಿ ನೇಮಿಸಿತು. ಮೌಲಾನಾ ಆಜಾದ್, ನೆಹರೂ, ಪಟೇಲ್, ಮಾಸ್ಟರ್ ತಾರಾಸಿಂಗ್ ಮೊದಲಾದವರ ಜೊತೆ ನಮ್ಮ ನಾ.ಸು. ಹರ್ಡೀಕರ್ ಇದ್ದರು, ಬಾಲ್ಯದ ಕೆಲಕಾಲವನ್ನು ಕಾರವಾರದಲ್ಲಿ ಕಳೆದ ಕಾಕಾ ಕಾಲೇಲ್ಕರರೂ ಇದ್ದರು. ಸಮಿತಿ ಸೂಚಿಸಿದ್ದು ಕೇಸರಿ ಬಣ್ಣವೊಂದನ್ನೇ. ಕಾಂಗ್ರೆಸ್ ಒಪ್ಪಲಿಲ್ಲ. ಕೇಸರಿ, ಬಿಳಿ, ಹಸಿರು ಉಳಿದವು. ಬಣ್ಣಗಳಿಗೆ ಕೋಮಿನ ಅರ್ಥವಿಲ್ಲವೆಂದು ನಿರ್ಣಯವಾಯಿತು. ಬಿಳಿ ನಡುವೆ ಬಂತು, ಎರಡು ಗಾಢ ಬಣ್ಣಗಳ ನಡುವೆ ಉಸಿರಾಡಲು ಜಾಗವಾಯಿತು. ನೀಲಿ ಚರಕ ಅಲ್ಲಿ ಎದ್ದು ಕಂಡಿತು.

ಚರಕದ ಸಮತೋಲ ವಿಚಿತ್ರವಾದದ್ದು. ಒಂದು ಬದಿ ದೊಡ್ಡ ಗಾಲಿ, ಇನ್ನೊಂದು ಬದಿ ಸಣ್ಣ ಕದಿರು. ನಮ್ಮ ಕರಾವಳಿಯಲ್ಲಿ ಒಂದೇ ಬದಿಗೆ ಮರದ ದಿಮ್ಮಿ ಕಟ್ಟಿಕೊಂಡು ಅಲೆಯ ಮೇಲೆ ನಿಲ್ಲುವ ದೋಣಿಯಂತೆ. ಎರಡು ಬದಿ ಒಂದೇ ಅಲ್ಲ, ಆದರೂ ಮಗುಚುವುದಿಲ್ಲ.

1947ರ ಜುಲೈ 22ರಂದು ಸಂವಿಧಾನ ಸಭೆಯಲ್ಲಿ ನೆಹರೂ ಇದೇ ತೊಡಕನ್ನು ಎತ್ತಿದರು. ಬಾವುಟದ ಹಿಂಬದಿಯಿಂದ ನೋಡಿದರೆ ಗಾಲಿ, ಕದಿರು ಅದಲುಬದಲಾಗುತ್ತವೆ. ಆದ್ದರಿಂದ ಗಾಲಿಯಷ್ಟೇ ಉಳಿಯಿತು, ಸಾರಾನಾಥದ ಅಶೋಕಚಕ್ರವಾಗಿ. 24 ಅರೆಗಳ ಆ ಚಕ್ರ ಯಾವ ಕಡೆಯಿಂದ ನೋಡಿದರೂ ಒಂದೇ; ನಿಂತಿದ್ದರೂ ತಿರುಗುವಂತೆ ಕಾಣುತ್ತದೆ. ಈ ರೂಪದ ಹಿಂದೆ ಬದ್ರುದ್ದೀನ್ ಮತ್ತು ಸುರಯ್ಯಾ ತ್ಯಾಬ್ಜಿ ದಂಪತಿಯ ಕೈಯಿತ್ತೆಂದು ಅವರ ಕುಟುಂಬ ಹೇಳುತ್ತಾ ಬಂದಿದೆ. ಚರಕ ಹೋದದ್ದಕ್ಕೆ ಗಾಂಧೀಜಿ ನೊಂದರು. ಚಕ್ರವೇನೋ ಬಂತು, ನೂಲುವ ಕೈ ಮರೆಯಾಯಿತು.

ಉರ್ದುವಿನಲ್ಲಿ ಸಮತೋಲಕ್ಕೆ ‘ತವಾಜುನ್’ ಎನ್ನುತ್ತೇವೆ. ‘ವಜನ್’ ಅಂದರೆ ತೂಕ, ಅದರಿಂದ ಹುಟ್ಟಿದ ಪದ. ನಮ್ಮ ಬಾವುಟದಲ್ಲಿ ಆ ತೂಕ ನಿಂತಿರುವುದು ಸಂಖ್ಯೆಯ ಮೇಲಲ್ಲ, ಸಮಾನ ಅಗಲದ ಮೂರು ಪಟ್ಟಿಗಳ ಮೇಲೆ. ಒಂದನ್ನು ಕಿರಿದು ಮಾಡಿದರೆ ಚಕ್ರ ನಡುವಿನಲ್ಲಿ ಉಳಿಯದು.