ಕೆರೆಯೋ, ಏರಿಯೋ?

ಶರಾವತಿ ಕಡಲು ಸೇರುವ ಹೊನ್ನಾವರದ ಬಳಿ ಕಾಂಡ್ಲಾ ಕಾಡಿನ ನಡುವೆ ಹಲಗೆಯ ಕಾಲುದಾರಿ ಮಾಡಿದ್ದಾರೆ. ಕೆಸರು ಮೆಟ್ಟದೆ ಮುದುಕರೂ ಮಕ್ಕಳೂ ಜೌಗು ನೆಲವನ್ನು ನೋಡಿಕೊಂಡು ಬರಬಹುದು. ನಮ್ಮ ಮೊರಪ್ಪೂರು ಸೀಮೆಯಲ್ಲಿ ಅಂಥದ್ದೇನಿದೆ ಎನ್ನುವಿರಾ? ಇದೆ. ಕೆರೆ ಏರಿ ಇದೆ. ಅದಕ್ಕೆ ಹಲಗೆಯೂ ಬೇಡ.

ಮೊದಲು ಮಾತಿನ ಒಂದು ತಮಾಷೆ. ಮನೆಯಲ್ಲಿ ಕನ್ನಡ, ಸಂತೆಯಲ್ಲಿ ತಮಿಳು ಆಡುವ ನಿಮಗೆ ಇದು ಗೊತ್ತಿರುವುದೇ. ಕನ್ನಡದಲ್ಲಿ ನಿಂತ ನೀರು ಕೆರೆ, ಅದನ್ನು ತಡೆದ ಮಣ್ಣಿನ ಕಟ್ಟೆ ಏರಿ. ತಮಿಳಿನಲ್ಲಿ ನೀರೇ ಏರಿ, ದಡ ಕರೈ. ಧರ್ಮಪುರಿಯ ರಾಮಕ್ಕಾಳ್ ಕೆರೆಯ ಏರಿ ಮೇಲೆ ನಡೆದುಬಂದೆ ಎಂದರೆ ತಮಿಳು ನೆಂಟರಿಗೆ ನೀರಿನ ಮೇಲೆಯೇ ನಡೆದಂತೆ ಕೇಳಿಸೀತು! ಕಟ್ಟೆಯಿಲ್ಲದೆ ಇಲ್ಲಿ ನೀರಿಲ್ಲ. ಅದಕ್ಕೇ ಎರಡರ ಹೆಸರೂ ಬೆರೆತಿವೆ ಎಂದು ನನ್ನ ಎಣಿಕೆ.

ಧರ್ಮಪುರಿಯ ಹಳೆಯ ಹೆಸರು ತಗಡೂರು. 9ನೇ ಶತಮಾನದ ಕೊನೆಗೆ ಅಲ್ಲಿ ನೊಳಂಬರ ಆಳ್ವಿಕೆ. ಆ ಕಾಲದ ಕನ್ನಡ ಶಾಸನ ಅಲ್ಲಿ ದೊರೆತಿದೆ. ಕನ್ನಡ ಶಾಸನಗಳಲ್ಲಿ ಬಿತ್ತುವಟ್ಟ ಎಂಬ ಮಾತು ಬರುತ್ತದೆ. ಕೆರೆ ಕಟ್ಟಿದವರಿಗೆ, ಅದನ್ನು ನೋಡಿಕೊಳ್ಳುವವರಿಗೆ ಕೆರೆ ಕೆಳಗಿನ ಭೂಮಿಯನ್ನು ಬಿಟ್ಟುಕೊಡುವ ಏರ್ಪಾಡು ಅದು. ಬ್ಯಾಂಕಿನ ಲೆಡ್ಜರ್ ಬರೆದು ಕೂದಲು ನೆರೆತ ನನಗೆ ಅದು ಠೇವಣಿಯ ಹಾಗೆ ಕಾಣುತ್ತದೆ: ಅಸಲು ಮುಟ್ಟುವಂತಿಲ್ಲ, ಬಡ್ಡಿಯಲ್ಲಿ ದುರಸ್ತಿ. ತಮಿಳು ಕಡೆ, ಉತ್ತರಮೇರೂರಿನ 10ನೇ ಶತಮಾನದ ಶಾಸನದಲ್ಲಿ ಏರಿ ವಾರಿಯಂ ಇದೆ, ಅಂದರೆ ಕೆರೆ ಸಮಿತಿ. ಓಲೆಯ ಚೀಟಿಗಳನ್ನು ಕೊಡದಲ್ಲಿ ಹಾಕಿ, ಎತ್ತಿ, ಸದಸ್ಯರನ್ನು ಆರಿಸುತ್ತಿದ್ದರು. ನೀರು ಬಿಡಲು ನಮ್ಮಲ್ಲಿ ನೀರಗಂಟಿ, ಅವರಲ್ಲಿ ನೀರ್ಕಟ್ಟಿ.

ಕೆರೆಯನ್ನು ಜೌಗು ನೆಲ ಎನ್ನಬಹುದೇ? 1971ರ ರಾಮ್ಸಾರ್ ಒಪ್ಪಂದ ಮನುಷ್ಯರು ಕಟ್ಟಿದ ಕೆರೆಯನ್ನೂ ಹಾಗೆಯೇ ಎಣಿಸುತ್ತದೆ. ಚೆಂಗಲ್ಪಟ್ಟು ಕಡೆಯ ವೇಡಂತಾಂಗಲ್ ಹೊಲಕ್ಕೆ ನೀರುಣಿಸುವ ಕೆರೆಯೇ. ಹಕ್ಕಿಯ ಹಿಕ್ಕೆ ಬಿದ್ದ ನೀರು ಗೊಬ್ಬರವೆಂದು ರೈತರೇ ಹಕ್ಕಿಗಳನ್ನು ಕಾಯ್ದರು. ಅದು 2022ರಲ್ಲಿ ರಾಮ್ಸಾರ್ ಪಟ್ಟಿ ಸೇರಿತು.

ನಿಮ್ಮೂರ ಏರಿಯ ಮೇಲೆ ಒಂದು ಬೆಳಿಗ್ಗೆ ನಡೆದು ನೋಡಿ. ಬಳ್ಳಾರಿ ಜಾಲಿ ಬೆಳೆದು ದಾರಿ ಮುಚ್ಚಿದ ಕಡೆ ಯಾರೂ ನಡೆಯುವುದಿಲ್ಲ. ಯಾರೂ ನಡೆಯದ ಕಡೆ ಏರಿಯ ಬಿರುಕಾಗಲಿ, ಇಲಿಬಿಲವಾಗಲಿ, ಕೆರೆಯಂಗಳದ ಒತ್ತುವರಿಯಾಗಲಿ ಕಣ್ಣಿಗೆ ಬೀಳುವುದಿಲ್ಲ. 2017ರಲ್ಲಿ ತಮಿಳುನಾಡು ಸರ್ಕಾರ ಕುಡಿಮರಾಮತ್ತು ಹೆಸರಿನಲ್ಲಿ ಕೆರೆ ದುರಸ್ತಿಯನ್ನು ಮತ್ತೆ ಎತ್ತಿಕೊಂಡಿತು, ಸರಿ. ಆದರೆ ಯಂತ್ರಗಳು ಹೋದ ಮೇಲೆ ಏರಿ ನೋಡಬೇಕಾದವರು ಊರವರೇ ಅಲ್ಲವೇ? ಹೋಗುವಾಗ ಮೊಮ್ಮಕ್ಕಳನ್ನೂ ಕರೆದೊಯ್ಯಿರಿ. ತೂಬು ಯಾವುದು, ಕೋಡಿ ಯಾವುದು ತೋರಿಸಿ. ಮದಗು, ಕಲಂಗಲ್ ಎಂಬ ತಮಿಳು ಹೆಸರುಗಳನ್ನೂ ಹೇಳಿಕೊಡಿ.